ಅರಿವು ಕೇಂದ್ರದ ಸಂಜೆಗಳು: ಹತ್ತನೆಯ ತರಗತಿಯ ಇಂಗ್ಲಿಷ್ ಮತ್ತು ಗ್ರಾಮ ಪಂಚಾಯತಿ

(ಗ್ರಾಮ ಪಂಚಾಯತಿ ಸದಸ್ಯರ ಕಾರ್ಯಾಗಾರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಪಂಚಾಯತಿಯ ಸಭೆಯಲ್ಲಿ ಕುಡಿಯುವ ನೀರು, ಚರಂಡಿ, ಬೀದಿದೀಪಗಳ ವಿಷಯ ಬರುವಷ್ಟು ಸಲೀಸಾಗಿ ಇಂಗ್ಲಿಷ್ ಪರೀಕ್ಷೆಯ ವಿಷಯ ಬರುವುದಿಲ್ಲ. ಅದು ಶಾಲೆಯ ಕೆಲಸ, ಶಿಕ್ಷಕರ ಹೊಣೆ ಎಂಬ ಭಾವನೆ ಸಹಜವೇ ಆಗಿದೆ. ಆದರೆ ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ದಿನ ಊರಿನಲ್ಲಿ ಒಂದು ಸುತ್ತು ಹಾಕಿ ಬಂದ ಸದಸ್ಯರಿಗೆ ಅದರ ಪರಿಣಾಮ ಎಲ್ಲಿ ಬೀಳುತ್ತದೆ ಎಂಬುದು ಗೊತ್ತಿರುತ್ತದೆ. ಒಂದು ವಿಷಯದಲ್ಲಿ ನಪಾಸಾದ ಹುಡುಗ ಮರುವಾರವೇ ಗಾರೆ ಕೆಲಸದವರ ಜೊತೆ ಬಸ್ಸು ಹತ್ತುತ್ತಾನೆ. ಹುಡುಗಿಯಾದರೆ, ಅಲ್ಲಿಯವರೆಗೆ ಸುಮ್ಮನಿದ್ದ ನೆಂಟರು ಸಂಬಂಧದ ಮಾತೆತ್ತುತ್ತಾರೆ. ಕನ್ನಡ ಮಾಧ್ಯಮದ ಅನೇಕ ಮಕ್ಕಳಿಗೆ ಆ ಒಂದು ವಿಷಯ ಇಂಗ್ಲಿಷ್ ಆಗಿರುತ್ತದೆ. ಇಂದಿನ ಮಾತು ಇದರ ಕುರಿತಾದದ್ದು. ಇಂಗ್ಲಿಷಿನ ಹಿರಿಮೆಯ ಕುರಿತಾದದ್ದಲ್ಲ.

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುವ ಕ್ರಮ ಆರಂಭವಾದದ್ದು 2007-08ನೆಯ ಸಾಲಿನಲ್ಲಿ. ಅದಕ್ಕೆ ಮೊದಲು ಐದನೆಯ ತರಗತಿಯಿಂದ ಇತ್ತು. ಹೀಗಾಗಿ ಈಗ ಹತ್ತನೆಯ ತರಗತಿಯಲ್ಲಿ ಕುಳಿತಿರುವ ಮಗು ಹತ್ತು ವರ್ಷ ಇಂಗ್ಲಿಷ್ ಪಾಠ ಕೇಳಿರುತ್ತದೆ. ಆದರೂ ಪರಸ್ಥಳದವರೊಬ್ಬರು ಊರಿಗೆ ಬಂದು ದಾರಿ ಕೇಳಿದರೆ ಒಂದು ವಾಕ್ಯ ಆಡಲಾರದೆ ಗೆಳೆಯರ ಹಿಂದೆ ಸರಿಯುತ್ತದೆ. ಪಾಠ ಕಿವಿಗೆ ಬಿದ್ದಿದೆ, ನಾಲಿಗೆಗೆ ಬಂದಿಲ್ಲ. ದಿನಕ್ಕೊಂದು ಅವಧಿಯಲ್ಲಿ, ತುಂಬಿದ ತರಗತಿಯಲ್ಲಿ, ಪ್ರತಿ ಮಗುವನ್ನೂ ಮಾತನಾಡಿಸುವುದು ಎಷ್ಟೇ ಶ್ರದ್ಧೆಯ ಶಿಕ್ಷಕರಿಗೂ ಆಗದ ಕೆಲಸ. ನೀರಿಗಿಳಿಯದೆ ಈಜು ಬಾರದು. ಮಕ್ಕಳು ನೀರಿಗಿಳಿಯಲು ಶಾಲೆಯ ಹೊರಗೂ ಒಂದು ಜಾಗ ಬೇಕು.

ಎರಡನೆಯ ಭಾಷೆಯಾಗಿ ಇಂಗ್ಲಿಷಿಗಿರುವ 100 ಅಂಕಗಳಲ್ಲಿ 80 ಬರವಣಿಗೆಯ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಪ್ರಶ್ನೆಪತ್ರಿಕೆಯನ್ನು ಒಮ್ಮೆ ಕೈಗೆತ್ತಿಕೊಂಡು ನೋಡುವಂತೆ ಸದಸ್ಯರಲ್ಲಿ ವಿನಂತಿ. ಅದರಲ್ಲಿ ಬಾಯಿಪಾಠ ಮಾಡಿ ಬರೆಯಬಹುದಾದ ಪದ್ಯವಿದೆ, ಗೈಡಿನಿಂದ ಕಲಿತು ಬರೆಯಬಹುದಾದ ಉತ್ತರಗಳಿವೆ. ಹಾಗೆ ಕಲಿಯಲಾಗದ ಭಾಗಗಳೂ ಇವೆ. ಇಬ್ಬರ ಸಂಭಾಷಣೆಯನ್ನು ಕೊಟ್ಟು, ಗೆರೆ ಎಳೆದ ಮಾತು ಕೋರಿಕೆಯೋ ಅನುಮತಿಯೋ ಸಲಹೆಯೋ ಎಂದು ಗುರುತಿಸುವುದು ಅಂಥದೊಂದು. ಹಿಂದೆಂದೂ ಓದಿರದ ಒಂದು ಗದ್ಯಭಾಗವನ್ನು ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುವುದು ಇನ್ನೊಂದು. ಮೊದಲನೆಯದು ಮಾತಿನ ಅಭ್ಯಾಸವನ್ನು ಬೇಡುತ್ತದೆ, ಎರಡನೆಯದು ಓದಿನ ಅಭ್ಯಾಸವನ್ನು. ಯಾವ ಗೈಡಿನಲ್ಲೂ ಇವೆರಡರ ಉತ್ತರ ಮೊದಲೇ ಅಚ್ಚಾಗಿರುವುದಿಲ್ಲ.

2024ರಿಂದ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದಿದೆ. ಹಿಂದಿನ ವರ್ಷ ಶೇಕಡಾ 83.89 ಇದ್ದ ರಾಜ್ಯದ ಫಲಿತಾಂಶ ಆ ವರ್ಷ 73.40ಕ್ಕೆ ಇಳಿಯಿತು. ಕಿಟಕಿಯಿಂದ ಬರುತ್ತಿದ್ದ ನೆರವನ್ನು ನಂಬಿದ್ದ ಊರುಗಳಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ.

ಕನ್ನಡದ ಮಗುವಿಗೆ ಇಂಗ್ಲಿಷ್ ಎಲ್ಲಿ ಎಡವಿಸುತ್ತದೆ ಎಂಬುದನ್ನು ತುಸು ನಿಧಾನವಾಗಿ ನೋಡಬೇಕು. ಮಗು ದಡ್ಡತನದಿಂದ ತಪ್ಪುವುದಿಲ್ಲ. ತನ್ನ ಭಾಷೆಯ ನಿಯಮವನ್ನು ಪ್ರಾಮಾಣಿಕವಾಗಿ ಪಾಲಿಸಿ ತಪ್ಪುತ್ತದೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಬರುತ್ತದೆ, ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬರುತ್ತದೆ. ಕನ್ನಡದಲ್ಲಿ ಪ್ರಶ್ನೆ ಕೇಳಲು ಕ್ರಿಯಾಪದದ ತುದಿಗೆ ಒಂದು ದೀರ್ಘ ಸೇರಿಸಿದರೆ ಸಾಕು, ‘ಬಂದ’ ಎಂಬುದು ‘ಬಂದನಾ’ ಆಗುತ್ತದೆ. ಇಂಗ್ಲಿಷಿನಲ್ಲಿ ‘ಡಿಡ್’ ಎಂಬ ಪದವನ್ನು ಎಲ್ಲಿಂದಲೋ ತಂದು ವಾಕ್ಯದ ತಲೆಯ ಮೇಲೆ ಕೂರಿಸಬೇಕು. ಕೂರಿಸಿದ ಕೂಡಲೇ ‘ಕೇಮ್’ ಹೋಗಿ ‘ಕಮ್’ ಆಗಬೇಕು. ‘ಅಲ್ಲವೇ’ ಎಂಬ ಒಂದೇ ಪದದಿಂದ ಕನ್ನಡಿಗರ ಸಮಸ್ತ ವ್ಯವಹಾರವೂ ನಡೆಯುತ್ತದೆ: ಅವನು ಈಜಬಲ್ಲ, ಅಲ್ಲವೇ, ಅವಳು ಶಿಕ್ಷಕಿ, ಅಲ್ಲವೇ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ‘ಕಾಂಟ್ ಹೀ’, ಎರಡನೆಯದಕ್ಕೆ ‘ಈಸಂಟ್ ಶಿ’. ಪರೀಕ್ಷೆಯಲ್ಲಿ ಈ ಬಾಲಪ್ರಶ್ನೆಗಳಿಗೆ ಅಂಕವಿದೆ. ಎಲ್ಲದಕ್ಕೂ ‘ಈಸಂಟ್ ಇಟ್’ ಎಂದು ಬರೆದು ಬರುವ ಮಗು ತನ್ನ ‘ಅಲ್ಲವೇ’ಯನ್ನೇ ಬರೆದಿರುತ್ತದೆ.

ಇನ್ನೂ ಸೂಕ್ಷ್ಮವಾದ ಒಂದು ಉದಾಹರಣೆ ಇದೆ. “ಮಳೆ ಬರಲಿಲ್ಲವೇ?” ಎಂದು ಕೇಳಿದರೆ ಕನ್ನಡದವರು “ಹೌದು, ಬರಲಿಲ್ಲ” ಎನ್ನುತ್ತಾರೆ, ಕೇಳಿದವರ ಊಹೆ ಸರಿ ಎಂಬುದು ಆ ಹೌದಿನ ಅರ್ಥ. ಇಂಗ್ಲಿಷಿನಲ್ಲಿ ಅದೇ ಸಂದರ್ಭಕ್ಕೆ “ನೋ, ಇಟ್ ಡಿಡಂಟ್” ಎನ್ನಬೇಕು. “ಯೆಸ್” ಎಂದರೆ ಮಳೆ ಬಂದಿತ್ತೆಂದೇ ಅರ್ಥ. ಇದನ್ನು ಕಪ್ಪುಹಲಗೆಯ ಮೇಲೆ ಎಷ್ಟು ಬಾರಿ ಬರೆದರೂ ಮನಸ್ಸಿಗೆ ಇಳಿಯದು. ನಾಲ್ಕು ಮಕ್ಕಳು ಎದುರುಬದುರು ಕುಳಿತು ಹತ್ತು ನಿಮಿಷ “ಊಟ ಮಾಡಲಿಲ್ಲವೇ”, “ಶಾಲೆಗೆ ಹೋಗಲಿಲ್ಲವೇ” ಎಂದು ಇಂಗ್ಲಿಷಿನಲ್ಲಿ ಕೇಳಿ ಹೇಳಿ ನಕ್ಕರೆ ಅಲ್ಲಿಗೆ ಕಲಿತಂತೆ.

ಸಂಭಾಷಣೆಯ ಪ್ರಶ್ನೆಯಲ್ಲಿ ಮಕ್ಕಳು ಹೆಚ್ಚಾಗಿ ಮೋಸಹೋಗುವುದು ಪ್ರಶ್ನೆಯಂತೆ ಕಾಣುವ ಮಾತುಗಳಲ್ಲಿ. “ವೈ ಡೋಂಟ್ ಯೂ ಟೇಕ್ ದ ಬಸ್?” ಎಂಬ ವಾಕ್ಯದ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವುದರಿಂದ ಮಗು ಅದನ್ನು ವಿಚಾರಣೆ ಎಂದು ಗುರುತಿಸುತ್ತದೆ. ವಾಸ್ತವವಾಗಿ ಅದು ಸಲಹೆ. ಮನೆಗೆ ಬಂದವರಿಗೆ ಅಜ್ಜಿ “ಒಂದಿಷ್ಟು ಕೂತು ಹೋಗಬಾರದೇ?” ಎಂದಾಗ ಯಾರೂ ಅದನ್ನು ಪ್ರಶ್ನೆಯೆಂದು ಭಾವಿಸಿ ಕಾರಣ ಹೇಳುತ್ತ ನಿಲ್ಲುವುದಿಲ್ಲ, ಕೂರುತ್ತಾರೆ. ಮಗುವಿಗೆ ಈ ವಿವೇಕ ಕನ್ನಡದಲ್ಲಿ ಈಗಾಗಲೇ ಇದೆ. ಅದನ್ನು ಇಂಗ್ಲಿಷಿಗೆ ದಾಟಿಸಲು ಬೇಕಾದದ್ದು ಸಂದರ್ಭ. ಒಬ್ಬರು ಅಂಚೆ ಕಚೇರಿಯ ಕಿಟಕಿಯ ಒಳಗಿರಲಿ, ಇನ್ನೊಬ್ಬರು ಹೊರಗಿರಲಿ: “ಕುಡ್ ಯೂ ಪ್ಲೀಸ್ ಗಿವ್ ಮಿ ಅ ಫಾರ್ಮ್?” ಒಬ್ಬರು ಆರೋಗ್ಯ ಕೇಂದ್ರದ ದಾದಿಯಾಗಲಿ, ಇನ್ನೊಬ್ಬರು ಜ್ವರ ಬಂದ ಮಗುವಿನ ತಾಯಿಯಾಗಲಿ. ಬ್ಯಾಂಕು, ರೈಲು ನಿಲ್ದಾಣ, ಬೀಜದ ಅಂಗಡಿ, ಎಲ್ಲವೂ ಪಾಠದ ಕೊಠಡಿಗಳಾಗುತ್ತವೆ. ಪ್ರತಿದಿನ ಒಂದು ಸಂದರ್ಭ, ಆರೇಳು ವಾಕ್ಯ. ವ್ಯಾಕರಣದ ತಪ್ಪನ್ನು ನಡುವೆ ತಡೆದು ತಿದ್ದಬಾರದು. ಮಾತು ಮುಗಿದ ಮೇಲೆ ಒಂದೆರಡನ್ನು ಮಾತ್ರ ಹೇಳಿದರೆ ಸಾಕು. ತಪ್ಪಾಡಿ ನಗೆಗೀಡಾದ ಮಗು ಮರುದಿನ ಬಾಯಿ ತೆರೆಯುವುದಿಲ್ಲ, ಕೆಲವೊಮ್ಮೆ ಬರುವುದೇ ಇಲ್ಲ.

ಓದಿ ಗ್ರಹಿಸುವ ವಿಷಯದಲ್ಲಿ ಒಂದು ಕಠಿಣ ಮಾತನ್ನು ಹೇಳಲೇಬೇಕಾಗಿದೆ. ಇಂಗ್ಲಿಷ್ ಗದ್ಯಭಾಗ ಅರ್ಥವಾಗದ ಅನೇಕ ಮಕ್ಕಳಿಗೆ ಕನ್ನಡ ಪತ್ರಿಕೆಯ ಒಂದು ಸುದ್ದಿಯನ್ನು ಓದಿ ಅದರ ಸಾರವನ್ನು ಎರಡು ವಾಕ್ಯದಲ್ಲಿ ಹೇಳಲೂ ಬರುವುದಿಲ್ಲ. ಕೊರತೆ ಇರುವುದು ಓದಿನಲ್ಲಿ. ಇಂಗ್ಲಿಷ್ ಅದನ್ನು ಬಯಲಿಗೆಳೆಯುತ್ತದೆ, ಅಷ್ಟೇ. ಆದ್ದರಿಂದ ಅಭ್ಯಾಸ ಕನ್ನಡದಿಂದಲೇ ಆರಂಭವಾಗುವುದು ಲೇಸು. ಈ ಪುಟ್ಟ ಭಾಗವನ್ನು ನೋಡಬಹುದು: ‘ರೈತನೊಬ್ಬ ಬೇಸಿಗೆಯಲ್ಲಿ ಕೆರೆಯ ಹೂಳು ತೆಗೆದು ತನ್ನ ಹೊಲಕ್ಕೆ ಹಾಕಿದ. ನೆರೆಯವರು ನಕ್ಕರು. ಮರುವರ್ಷ ಬೇಸಿಗೆಯಲ್ಲಿ ಅವರೂ ಗಾಡಿ ಕಟ್ಟಿಕೊಂಡು ಕೆರೆಗೆ ಬಂದರು.’ ನೆರೆಯವರು ಗಾಡಿ ಕಟ್ಟಿಕೊಂಡು ಬಂದದ್ದೇಕೆ ಎಂಬುದು ಪ್ರಶ್ನೆ. ಉತ್ತರ ಈ ಮೂರು ವಾಕ್ಯಗಳಲ್ಲಿ ಎಲ್ಲೂ ಬರೆದಿಲ್ಲ. ರೈತನ ಬೆಳೆ ಚೆನ್ನಾಗಿ ಬಂದಿರಬೇಕೆಂದು ಓದುವವರು ತಾವೇ ತಿಳಿಯಬೇಕು. ‘ಏಕೆಂದರೆ’ ಎಂಬ ಪದವನ್ನು ಹುಡುಕುತ್ತ ಹೋಗುವ ಮಗು ಅದು ಸಿಗದೆ, ಕಂಡ ವಾಕ್ಯವೊಂದನ್ನು ನಕಲು ಮಾಡಿ ಮುಂದೆ ಹೋಗುತ್ತದೆ. ಪರೀಕ್ಷೆಯಲ್ಲಿ ನಡೆಯುವುದೂ ಇದೇ.

ಕನ್ನಡದಲ್ಲಿ ಹೀಗೆ ವಾರವೆರಡು ಪಳಗಿದ ಮೇಲೆ ಇಂಗ್ಲಿಷಿಗೆ ಬರಬಹುದು. ಮೊದಲು ಪ್ರಶ್ನೆಗಳನ್ನು ಓದಿ, ಆಮೇಲೆ ಗದ್ಯಭಾಗವನ್ನು ಓದುವುದು ಒಳ್ಳೆಯ ರೂಢಿ. ಏನನ್ನು ಹುಡುಕಬೇಕೆಂಬುದು ಮನಸ್ಸಿನಲ್ಲಿರುತ್ತದೆ. ‘ಹೀ’, ‘ದೆ’, ‘ಇಟ್’ ಎಂಬ ಸರ್ವನಾಮ ಬಂದಲ್ಲೆಲ್ಲ ಅದು ಯಾರನ್ನು, ಯಾವುದನ್ನು ಸೂಚಿಸುತ್ತದೆ ಎಂದು ಬೆರಳಿಟ್ಟು ತೋರಿಸುವ ಅಭ್ಯಾಸವಾಗಬೇಕು. ಅರ್ಥವಾಗದ ಪದ ಬಂದ ಕೂಡಲೇ ನಿಘಂಟಿಗೆ ಕೈಹಾಕದೆ ವಾಕ್ಯವನ್ನು ಕೊನೆಯವರೆಗೆ ಓದಿ ಊಹಿಸಬೇಕು, ಏಕೆಂದರೆ ಪರೀಕ್ಷಾ ಕೊಠಡಿಯಲ್ಲಿ ನಿಘಂಟು ಇರುವುದಿಲ್ಲ. ಊಹೆ ಸರಿಯೇ ಎಂದು ಆಮೇಲೆ ನೋಡಿಕೊಳ್ಳಲು ಮಾತ್ರ ನಿಘಂಟು ಬೇಕೇ ಬೇಕು.

ಓದಲು ಸಾಮಗ್ರಿ ಎಲ್ಲಿಂದ ಎಂಬ ಪ್ರಶ್ನೆ ಏಳಬಹುದು. ಹಳ್ಳಿಯ ಮನೆಗಳಲ್ಲಿ ಇಂಗ್ಲಿಷಿಗೆ ಬರವಿಲ್ಲ, ಅದನ್ನು ಓದುವ ರೂಢಿ ಇಲ್ಲ. ಗೊಬ್ಬರದ ಚೀಲ, ಮಾತ್ರೆಯ ಪಟ್ಟಿ, ಮೊಬೈಲಿಗೆ ಬರುವ ಬ್ಯಾಂಕಿನ ಸಂದೇಶ, ಕೆಮ್ಮಿನ ಔಷಧಿಯ ಬಾಟಲಿಯ ಮೇಲಿನ ‘ಷೇಕ್ ವೆಲ್ ಬಿಫೋರ್ ಯೂಸ್’ ಎಂಬ ಸೂಚನೆ, ಇವೆಲ್ಲವೂ ಗದ್ಯಭಾಗಗಳೇ. ಖಾಲಿ ಡಬ್ಬಿಗಳನ್ನು ಮಕ್ಕಳ ಕೈಗೆ ಕೊಡಬಾರದು. ಕೀಟನಾಶಕದ ಲೇಬಲ್ಲಿನ ಛಾಯಾಚಿತ್ರ ತೆಗೆದು ಗೋಡೆಗೆ ಅಂಟಿಸಿದರೆ ಸಾಕು. ಅದರ ಮೇಲಿನ ತ್ರಿಕೋನದ ಬಣ್ಣ ಕೆಂಪಾಗಿದ್ದರೆ ಅತ್ಯಂತ ಹೆಚ್ಚು ವಿಷ. ಹಳದಿ, ನೀಲಿ, ಹಸಿರು ಎಂದು ವಿಷದ ಪ್ರಮಾಣ ಇಳಿಯುತ್ತ ಹೋಗುತ್ತದೆ. ಕೆಳಗಿನ ಸಾಲುಗಳನ್ನು ಓದಿ, ಸಿಂಪಡಿಸುವವರು ಏನು ಮಾಡಬೇಕು, ಏನು ಮಾಡಬಾರದು ಎಂದು ಮಗು ಕನ್ನಡದಲ್ಲಿ ಹೇಳಿದರೆ ಗ್ರಹಿಕೆಯ ಪಾಠವೂ ಆಯಿತು, ಮನೆಯಲ್ಲಿ ಅಪ್ಪನಿಗೆ ಒಂದು ಎಚ್ಚರಿಕೆಯೂ ತಲುಪಿತು.

ಇದಕ್ಕೆಲ್ಲ ಜಾಗ ಗ್ರಾಮ ಪಂಚಾಯತಿಯ ಬಳಿಯೇ ಇದೆ. ಗ್ರಾಮೀಣ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾಯಿತು. ಇಂದು ಅವು ಅರಿವು ಕೇಂದ್ರಗಳೆಂಬ ಹೆಸರಿನಲ್ಲಿ ನಡೆಯುತ್ತಿವೆ. ಎಷ್ಟೋ ಕಡೆ ಮಕ್ಕಳಿಗೆ ಬಿಡುವಾಗುವ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಬೀಗ ಬಿದ್ದಿರುತ್ತದೆ ಎಂಬುದೂ ಸುಳ್ಳಲ್ಲ. ಮೇಲ್ವಿಚಾರಕರನ್ನು ದೂರುವುದಕ್ಕೆ ಮೊದಲು, ಸಂಜೆಯ ಹೊತ್ತು ತೆರೆದಿಡಲು ಅವರಿಗೆ ಬೇಕಾದ ದೀಪ, ಬೆಂಚು, ಶೌಚಾಲಯ ಇವೆಯೇ ಎಂದು ಸದಸ್ಯರು ನೋಡಬೇಕು. ಆಸ್ತಿ ತೆರಿಗೆಯೊಂದಿಗೆ ಪಂಚಾಯತಿ ವಸೂಲು ಮಾಡುವ ಗ್ರಂಥಾಲಯ ಕರ ಇಂಥ ಕೆಲಸಕ್ಕೇ ಇರುವುದು.

ನಡೆಸಿಕೊಡಲು ಪಂಡಿತರು ಬೇಡ. ಊರಿನಲ್ಲಿ ಪದವಿ ಓದುತ್ತಿರುವ ಹುಡುಗಿ, ನಿವೃತ್ತ ಶಿಕ್ಷಕರು, ಪಟ್ಟಣದ ಕೆಲಸ ಬಿಟ್ಟು ಬಂದ ಯುವಕ, ಯಾರಾದರೊಬ್ಬರು ವಾರಕ್ಕೆ ಮೂರು ಸಂಜೆ ಒಂದೊಂದು ಗಂಟೆ ಕುಳಿತರೆ ಸಾಕು. ಶಾಲೆಯ ಇಂಗ್ಲಿಷ್ ಶಿಕ್ಷಕರಿಂದ ತಿಂಗಳ ಸಂದರ್ಭಗಳ ಪಟ್ಟಿಯನ್ನೂ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಪಡೆಯಬೇಕು. ಅವರನ್ನು ಬದಿಗಿಟ್ಟು ನಡೆಸಿದ ಯಾವ ತರಗತಿಯೂ ಬಹುಕಾಲ ಉಳಿಯದು. ಹೆಣ್ಣುಮಕ್ಕಳು ಕತ್ತಲಾದ ಮೇಲೆ ಮನೆಗೆ ಹೋಗುವ ದಾರಿಯ ಬೀದಿದೀಪ ಉರಿಯುತ್ತಿರಬೇಕು. ಇದು ಸಣ್ಣ ಸಂಗತಿಯಂತೆ ಕಂಡರೂ ಹಾಜರಾತಿಯನ್ನು ನಿರ್ಧರಿಸುವುದು ಇದೇ. ದೂರದ ಓಣಿಗಳಿಂದ ಬರುವವರನ್ನು ಜೊತೆಗೂಡಿ ಕಳುಹಿಸುವ ಏರ್ಪಾಡನ್ನು ಆಯಾ ವಾರ್ಡಿನ ಸದಸ್ಯರೇ ಮಾಡುವುದು ಒಳ್ಳೆಯದು.

ಕಡೆಯದಾಗಿ, ಈಗಾಗಲೇ ನಪಾಸಾದವರ ವಿಷಯ. 2023-24ನೆಯ ಸಾಲಿನಲ್ಲಿ ಎಸ್.ಎಸ್.ಎಲ್.ಸಿ.ಗೆ ವರ್ಷದಲ್ಲಿ ಮೂರು ಪರೀಕ್ಷೆಗಳನ್ನು ನಡೆಸುವ ಕ್ರಮ ಆರಂಭವಾಯಿತು. ಮೊದಲನೆಯ ಪರೀಕ್ಷೆಯಲ್ಲಿ ಒಂದು ವಿಷಯ ಹೋದರೆ ಆ ವಿಷಯವನ್ನಷ್ಟೇ ಮತ್ತೆ ಬರೆದು ಅದೇ ವರ್ಷ ಮುಂದಕ್ಕೆ ಹೋಗಬಹುದು. ಇದು ತಿಳಿಯದೆ, ಅಥವಾ ತಿಳಿದೂ ನಾಚಿಕೆಯಿಂದ, ಶಾಲೆಯ ಕಡೆ ಮುಖ ಹಾಕದ ಮಕ್ಕಳು ಪ್ರತಿ ಊರಿನಲ್ಲೂ ಇದ್ದಾರೆ. ಫಲಿತಾಂಶದ ಮರುದಿನವೇ ಮುಖ್ಯೋಪಾಧ್ಯಾಯರಿಂದ ಅಂಥವರ ಪಟ್ಟಿ ಪಡೆದು, ನೋಂದಣಿಯ ಕೊನೆಯ ದಿನಾಂಕದೊಳಗೆ ವಾರ್ಡಿನ ಸದಸ್ಯರು ಅವರ ಮನೆಗಳಿಗೆ ಹೋಗಬೇಕು. ಹೋದಾಗ ಮಗುವಿನ ಎದುರಿಗೆ ಅಂಕದ ಮಾತೆತ್ತದೆ, ತಂದೆತಾಯಿಯರೊಡನೆ ದಿನಾಂಕದ ಮಾತನ್ನಷ್ಟೇ ಆಡಿ, ಸಂಜೆ ಅರಿವು ಕೇಂದ್ರಕ್ಕೆ ಕಳುಹಿಸುವಂತೆ ಹೇಳಿ ಬರಬೇಕು. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ಪಟ್ಟಿ ಮತ್ತು ಅರಿವು ಕೇಂದ್ರದ ಸಂಜೆಯ ವೇಳೆ ಇವೆರಡನ್ನೂ ಸೇರಿಸುವಂತೆ ಅಧ್ಯಕ್ಷರನ್ನು ಕೋರಲಾಗಿದೆ.