ಹಿಂಬದಿಯ ದನಿಗೆ ದಾರಿ ಯಾವುದು?

ಖಂಜಿರವನ್ನು ಕಛೇರಿಗಳಲ್ಲಿ ಎಲ್ಲರೂ ನೋಡಿರುತ್ತಾರೆ. ಮರದ ಒಂದು ಬಳೆ. ಅದರ ಒಂದು ಮುಖಕ್ಕೆ ಬಿಗಿದ ತೊಗಲು, ಇನ್ನೊಂದು ಮುಖ ಬಯಲು. ಹಿಂದೂಸ್ತಾನಿ ಕಛೇರಿಯ ಡಗ್ಗಾವನ್ನೂ ನೋಡಿರುತ್ತಾರೆ. ಅಲ್ಲಿಯೂ ಇರುವುದು ಒಂದೇ ತೊಗಲು. ಆದರೆ ಅದರ ಬೆನ್ನಿಗೆ ಲೋಹದ ಮುಚ್ಚಿದ ಬೋಗುಣಿ ಇದೆ. ಬೆರಳು ಬಿದ್ದಾಗ ತೊಗಲು ಮುಂದಿನ ಗಾಳಿಯನ್ನು ಎಷ್ಟು ಅಲುಗಿಸುತ್ತದೆಯೋ ಹಿಂದಿನ ಗಾಳಿಯನ್ನೂ ಅಷ್ಟೇ ಅಲುಗಿಸುತ್ತದೆ. ಖಂಜಿರದಲ್ಲಿ ಹಿಂದಿನ ದನಿ ಬಯಲಿಗೆ ಹೋಗಿ ಕರಗುತ್ತದೆ. ಡಗ್ಗಾದಲ್ಲಿ ಅದು ಬೋಗುಣಿಯೊಳಗೆ ಸಿಕ್ಕಿಕೊಂಡು ತೊಗಲನ್ನು ಒಳಗಿನಿಂದ ತಳ್ಳುತ್ತದೆ. ಎರಡು ವಾದ್ಯಗಳ ನಾದ ಬೇರೆ ಬೇರೆಯಾಗಲು ಇರುವ ಕಾರಣಗಳಲ್ಲಿ ಇದೂ ಒಂದು.

ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನಿನಲ್ಲಿಯೂ ಇದೇ ಪ್ರಶ್ನೆ ಇದೆ. ಕಿವಿಯ ಕಡೆಗೆ ಬರುವ ದನಿಯನ್ನು ಕೇಳುಗ ಅನುಭವಿಸುತ್ತಾನೆ. ಅದೇ ಹೊತ್ತಿಗೆ ಹಿಂದಕ್ಕೆ ಹುಟ್ಟುವ, ಅಷ್ಟೇ ಬಲವುಳ್ಳ ಇನ್ನೊಂದು ದನಿಯನ್ನು ಏನು ಮಾಡಬೇಕು? ಹೊರಗೆ ಬಿಡಬೇಕೆ, ಒಳಗೇ ಹಿಡಿದಿಡಬೇಕೆ? ಬಿಟ್ಟರೆ ಅದು ಬೆನ್ನು ತೆರೆದ ಹೆಡ್‌ಫೋನು, ಹಿಡಿದಿಟ್ಟರೆ ಬೆನ್ನು ಮುಚ್ಚಿದ್ದು. ಅಂಗಡಿಯ ಕಪಾಟಿನಲ್ಲಿ ಅಕ್ಕಪಕ್ಕ ಕೂತಿರುವ ಈ ಎರಡು ಬಗೆಗಳಲ್ಲಿ ಯಾವುದು ಮೇಲು ಎಂಬ ವಾದ ಮುಗಿಯುವಂಥದ್ದಲ್ಲ. ಹಿಂದಿನ ದನಿಯ ಈ ಪ್ರಶ್ನೆಯನ್ನು ಅರ್ಥ ಮಾಡಿಕೊಂಡರೆ ಮಾತ್ರ ಅರ್ಧ ವಾದ ತಾನಾಗಿಯೇ ಮುಗಿಯುತ್ತದೆ.

ಸ್ವಲ್ಪ ಇತಿಹಾಸವನ್ನು ನೋಡಬಹುದು. 1881ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮೆಂಟ್ ಅದೇರ್ ಎಂಬ ಇಂಜಿನಿಯರ್ ಆಪೆರಾ ರಂಗಮಂದಿರದ ಸಂಗೀತವನ್ನು ಟೆಲಿಫೋನ್ ತಂತಿಯ ಮೂಲಕ ತಂದು ಕೇಳಿಸಿದ. ಜನ ಎರಡು ಕಿವಿಗೆ ಎರಡು ಶ್ರವಣಿ ಹಿಡಿದು, ದೂರದ ಹಾಡನ್ನು ಎಡಬಲಗಳ ಸಮೇತ ಕೇಳಿ ಬೆರಗಾದರು. 1910ರಲ್ಲಿ ಅಮೆರಿಕದ ಯೂಟಾ ಪ್ರಾಂತದ ನಥಾನಿಯಲ್ ಬಾಲ್ಡ್ವಿನ್ ತನ್ನ ಮನೆಯ ಅಡುಗೆಕೋಣೆಯಲ್ಲಿ ತಯಾರಿಸಿದ ಹೆಡ್‌ಫೋನುಗಳನ್ನು ಅಲ್ಲಿಯ ನೌಕಾಪಡೆ ಕೊಂಡಿತು. 1937ರಲ್ಲಿ ಜರ್ಮನಿಯ ಬೇಯರ್ ಸಂಸ್ಥೆಯ ಡಿಟಿ 48 ಬಂತು. 1958ರಲ್ಲಿ ಅಮೆರಿಕದ ಜಾನ್ ಕಾಸ್ ಸ್ಟೀರಿಯೊ ಸಂಗೀತಕ್ಕೆಂದೇ ಹೆಡ್‌ಫೋನು ಮಾಡಿ ಮಾರಿದ. ಆ ಕಾಲದ ತಯಾರಿಕೆಯಲ್ಲಿ ಕಿವಿಯನ್ನು ಬಿಗಿಯಾಗಿ ಮುಚ್ಚುವುದೇ ನಿಯಮವಾಗಿತ್ತು. ಮುಚ್ಚದಿದ್ದರೆ ಮಂದ್ರ ಸ್ವರಗಳು ಸೋರಿಹೋಗುತ್ತವೆ ಎಂಬುದು ನಂಬಿಕೆ.

ಈ ನಿಯಮವನ್ನು 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಸಂಸ್ಥೆ ಮುರಿಯಿತು. ಅದರ ಎಚ್‌ಡಿ 414 ಹೆಡ್‌ಫೋನಿಗೆ ಮುಚ್ಚಿದ ಬಟ್ಟಲುಗಳೇ ಇರಲಿಲ್ಲ. ಹಳದಿ ಬಣ್ಣದ ಸ್ಪಂಜಿನ ಮೆತ್ತೆ ಕಿವಿಯ ಮೇಲೆ ಸುಮ್ಮನೆ ಒರಗುತ್ತಿತ್ತು. ಬೆನ್ನು ಜಾಲರಿಯಂತೆ ತೆರೆದಿತ್ತು. ತಲೆಗೆ ಭಾರವಿಲ್ಲ, ಕಿವಿಗೆ ಸೆಕೆಯಿಲ್ಲ, ದನಿಯೂ ಡಬ್ಬಿಯೊಳಗಿನಿಂದ ಬಂದಂತಿಲ್ಲ. ಬೆನ್ನು ತೆರೆದ ಹೆಡ್‌ಫೋನುಗಳ ಪರಂಪರೆ ಮಾರುಕಟ್ಟೆಯಲ್ಲಿ ಶುರುವಾದದ್ದು ಇದರಿಂದ.

ಇನ್ನು ಪ್ಲೇನಾರ್, ಎಂದರೆ ಚಪ್ಪಟೆ ಪೊರೆಯ ಹೆಡ್‌ಫೋನಿನ ವಿಷಯ. ಸಾಮಾನ್ಯ ಹೆಡ್‌ಫೋನಿನಲ್ಲಿ ಬಟ್ಟಲಿನಾಕಾರದ ಒಂದು ಸಣ್ಣ ಪರದೆ ಇರುತ್ತದೆ. ಅದಕ್ಕೆ ಅಂಟಿಸಿದ ತಂತಿಯ ಸುರುಳಿಯನ್ನು ಅಯಸ್ಕಾಂತ ಮುಂದೆ ಹಿಂದೆ ಆಡಿಸುತ್ತದೆ. ಸುರುಳಿ ಪರದೆಯನ್ನು ತಳ್ಳುತ್ತದೆ. ಬಲ ಬೀಳುವುದು ಸುರುಳಿ ಅಂಟಿದ ಜಾಗದಲ್ಲಿ ಮಾತ್ರ. ಉಳಿದ ಪರದೆ ಅದರ ಬೆನ್ನುಹತ್ತಿ ಹೋಗಬೇಕು. ವೇಗ ಹೆಚ್ಚಿದಂತೆ ಅದು ಹಾಗೆ ಹೋಗಲಾರದೆ ಬಳುಕುತ್ತದೆ. ತೊಗಲಿನ ಈ ಗುಣವನ್ನು ಸರ್ ಸಿ. ವಿ. ರಾಮನ್ ಅವರು ಬೆಂಗಳೂರಿನಲ್ಲಿದ್ದಾಗ, 1930ರ ದಶಕದಲ್ಲಿ, ನಮ್ಮ ಮೃದಂಗ ತಬಲಾಗಳ ಮೇಲೆ ಬರೆದ ಪ್ರಬಂಧದಲ್ಲಿ ಚೆನ್ನಾಗಿ ತೋರಿಸಿದ್ದಾರೆ. ತೊಗಲಿನ ಮೇಲೆ ಮರಳು ಉದುರಿಸಿ ಬಾರಿಸಿದರೆ, ಅಲುಗದ ಗೆರೆಗಳಲ್ಲಿ ಮರಳು ನಿಲ್ಲುತ್ತದೆ. ಗೆರೆಯ ಆಚೆಯ ಭಾಗ ಏಳುವಾಗ ಈಚೆಯ ಭಾಗ ಇಳಿಯುತ್ತಿರುತ್ತದೆ. ವಾದ್ಯಕ್ಕೆ ಇದು ಸೊಗಸು. ಮೃದಂಗದ ಕರಣೆ ಈ ಕಂಪನಗಳನ್ನು ಸುಸ್ವರವಾಗಿ ಹೊಂದಿಸುತ್ತದೆ. ಆದರೆ ಹೆಡ್‌ಫೋನು ವಾದ್ಯವಲ್ಲ. ಇನ್ನೊಬ್ಬರ ನಾದವನ್ನು ಇದ್ದಂತೆಯೇ ಒಪ್ಪಿಸಬೇಕಾದ ದೂತ ಅದು. ದೂತ ತನ್ನ ಮಾತನ್ನು ಸೇರಿಸಬಾರದು.

ಪ್ಲೇನಾರ್ ವಿಧಾನದಲ್ಲಿ ಸುರುಳಿ ಬೇರೆ, ಪರದೆ ಬೇರೆ ಎಂಬುದಿಲ್ಲ. ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ಒಂದು ಪೊರೆಯ ಮೇಲೆ ಲೋಹದ ಗೆರೆಗಳನ್ನು, ರಂಗೋಲಿಯ ಎಳೆ ಹಾಕಿದ ಹಾಗೆ, ಉದ್ದಗಲಕ್ಕೂ ಹಾಯಿಸಿರುತ್ತಾರೆ. ಪೊರೆಯ ಒಂದು ಬದಿಗೋ ಎರಡೂ ಬದಿಗೋ ಅಯಸ್ಕಾಂತದ ಸಾಲುಗಳಿರುತ್ತವೆ. ಗೆರೆಗಳಲ್ಲಿ ವಿದ್ಯುತ್ ಹರಿದಾಗ ಪೊರೆಯ ಬಹುಭಾಗಕ್ಕೆ ಒಟ್ಟಿಗೇ ಬಲ ಬೀಳುತ್ತದೆ. ಅದು ಹೆಚ್ಚುಕಡಿಮೆ ಇಡಿಯಾಗಿ ಮುಂದೆ ಹಿಂದೆ ಸರಿಯುತ್ತದೆ. 1976ರಲ್ಲಿ ಜಪಾನಿನ ಯಮಾಹಾ ಸಂಸ್ಥೆ ಎಚ್‌ಪಿ-1 ಎಂಬ ಮಾದರಿಯನ್ನು ಈ ತತ್ತ್ವದ ಮೇಲೆ ತಂದಿತು. ಅದರ ಹೊರರೂಪ ಇಟಲಿಯ ಪ್ರಸಿದ್ಧ ವಿನ್ಯಾಸಕಾರ ಮಾರಿಯೊ ಬೆಲ್ಲಿನಿ ಅವರದು. ಆದರೆ 1979ರಲ್ಲಿ ಸೋನಿಯ ವಾಕ್‌ಮನ್ ಬಂದ ಮೇಲೆ ಜನಕ್ಕೆ ಬೇಕಾದದ್ದು ಹಗುರವಾದ, ಸಣ್ಣ ಬ್ಯಾಟರಿಯಲ್ಲಿ ಹಾಡುವ ಹೆಡ್‌ಫೋನು. ಅಯಸ್ಕಾಂತಗಳ ಭಾರ ಹೊತ್ತ ಪ್ಲೇನಾರ್ ಹಿಂದೆ ಸರಿಯಿತು. ಅದು ದೊಡ್ಡದಾಗಿ ಮರಳಿದ್ದು 2009ರ ಸುಮಾರಿಗೆ, ಆಡೀಜ್ ಮತ್ತು ಹೈಫೈಮನ್ ಎಂಬ ಹೊಸ ಸಂಸ್ಥೆಗಳಿಂದ. ಅಷ್ಟು ಹೊತ್ತಿಗೆ ನಿಯೋಡೈಮಿಯಂ ಎಂಬ ಬಲಿಷ್ಠ ಅಯಸ್ಕಾಂತ ಸುಲಭವಾಗಿ ಸಿಗುತ್ತಿತ್ತು. ಆದರೂ ಭಾರದ ತೊಂದರೆ ಪೂರ್ತಿ ತೀರಲಿಲ್ಲ. ಇವುಗಳಲ್ಲಿ ಕೆಲವು ಅರ್ಧ ಕಿಲೋವನ್ನೂ ಮೀರುತ್ತವೆ. ಕೆಲವಕ್ಕೆ ಒಳ್ಳೆಯ ಆಂಪ್ಲಿಫೈಯರ್ ಇಲ್ಲದೆ ಬಾಯಿ ಬಿಡುವುದಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಪ್ಲೇನಾರ್ ಪೊರೆ ಅಗಲವಾದದ್ದು, ತೀರ ತೆಳುವಾದದ್ದು. ಆದ್ದರಿಂದ ಅದರ ಬೆನ್ನ ಹಿಂದೆ ಏನಿದೆ ಎಂಬುದು ಅದಕ್ಕೆ ಬಹಳ ಮುಖ್ಯ. ಬೆನ್ನು ತೆರೆದಾಗ ಹಿಂದಿನ ದನಿ ಜಾಲರಿಯ ಮೂಲಕ ಕೋಣೆಗೆ ಹೋಗಿಬಿಡುತ್ತದೆ, ಪೊರೆಗೆ ತಡೆಯಿಲ್ಲ. ತಂಬೂರಿಯ ಶ್ರುತಿ ನಿಧಾನವಾಗಿ ಆರುವುದು, ವೀಣೆಯ ತಂತಿಯ ಮೇಲೆ ಬೆರಳು ಜಾರುವ ಸಣ್ಣ ಸದ್ದು, ಗಾಯಕ ಉಸಿರು ತೆಗೆದುಕೊಳ್ಳುವುದು, ಇವೆಲ್ಲ ಒಂದರ ಮೇಲೊಂದು ಬೀಳದೆ ಕೇಳಿಸುತ್ತವೆ. ಮೃದಂಗದ ಎಡಭಾಗದ ಮಂದ್ರವೂ ಸಾಮಾನ್ಯ ತೆರೆದ ಹೆಡ್‌ಫೋನಿಗಿಂತ ಆಳಕ್ಕೆ ಇಳಿಯುತ್ತದೆ. ಇದಕ್ಕೆ ಒಂದು ಷರತ್ತು ಇದೆ: ಬೆನ್ನು ತೆರೆದಿದ್ದರೂ ಕಿವಿಯ ಕಡೆಯ ಮೆತ್ತೆ ಸರಿಯಾಗಿ ಕೂರಬೇಕು. ಕನ್ನಡಕದ ಕಡ್ಡಿಯಿಂದ ಸಂದು ಬಿದ್ದರೂ ಮಂದ್ರ ಸೋರುತ್ತದೆ.

ತೆರೆದ ಹೆಡ್‌ಫೋನಿನಲ್ಲಿ ಸಂಗೀತ ವಿಶಾಲವಾಗಿ ಹರಡಿದಂತೆ ಕೇಳುತ್ತದೆ ಎನ್ನುತ್ತಾರೆ. ಇದು ನಿಜ, ಆದರೆ ಮಿತಿಯಲ್ಲಿ. ಎದುರು ಕೂತು ಕಛೇರಿ ಕೇಳುವಾಗ ಬಲಗಡೆಯ ಪಿಟೀಲು ಎಡಗಿವಿಗೂ ಒಂದು ಚೂರು ತಡವಾಗಿ ಮುಟ್ಟುತ್ತದೆ. ಆ ಅಂತರದಿಂದಲೇ ಮೆದುಳು ದಿಕ್ಕನ್ನು ಅಳೆಯುತ್ತದೆ. ಯಾವ ಹೆಡ್‌ಫೋನಿನಲ್ಲಿಯೂ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಹೀಗಾಗಿ ಗಾಯಕ ತಲೆಯ ನಡುವೆಯೇ ನಿಂತು ಹಾಡುತ್ತಾನೆ. ಬೆನ್ನು ತೆರೆದರೆ ಗಾಯಕ ವೇದಿಕೆಗೆ ಹೋಗುವುದಿಲ್ಲ. ಕೋಣೆಯ ಗೋಡೆ ಮಾತ್ರ ದೂರ ಸರಿದಂತೆ ಆಗುತ್ತದೆ.

ಬೆನ್ನು ಮುಚ್ಚಿದರೆ ಏನಾಗುತ್ತದೆ? ಎರಡು ಸಂಗತಿಗಳು. ಮೊದಲನೆಯದು, ಒಳಗೆ ಸಿಕ್ಕ ಗಾಳಿ ಸ್ಪ್ರಿಂಗಿನಂತೆ ಪೊರೆಯನ್ನು ಬಿಗಿ ಮಾಡುತ್ತದೆ. ಮಂದ್ರದ ಸ್ವರೂಪ ಬದಲಾಗುತ್ತದೆ. ಎರಡನೆಯದು ಪ್ರತಿಧ್ವನಿ. ಪೊರೆಯಿಂದ ಬಟ್ಟಲಿನ ಗೋಡೆಗೆ 3 ಸೆಂಟಿಮೀಟರ್ ದೂರ ಎಂದಿಟ್ಟುಕೊಳ್ಳೋಣ. ಹಿಂದಿನ ದನಿ ಹೋಗಿ ಬರುವ ದಾರಿ 6 ಸೆಂಟಿಮೀಟರ್. ಪೊರೆ ತೆಳುವಾದ್ದರಿಂದ ಮರಳಿದ ದನಿಯ ಒಂದಂಶ ಅದನ್ನು ದಾಟಿ ಕಿವಿಗೂ ಬರುತ್ತದೆ. ಮುಂದಿನ ದನಿಗೂ ಹಿಂದಿನ ದನಿಗೂ ಏರಿಳಿತ ತಿರುಗುಮುರುಗಾಗಿರುತ್ತದೆ. ಲೆಕ್ಕ ಹಾಕಿದರೆ, ಸೆಕೆಂಡಿಗೆ ಸುಮಾರು 2,850 ಕಂಪನಗಳ ಬಳಿ ಎರಡೂ ಕೂಡಿಕೊಂಡು ಉಬ್ಬುತ್ತವೆ. 5,700ರ ಬಳಿ ಒಂದನ್ನೊಂದು ತಗ್ಗಿಸುತ್ತವೆ. ಮನುಷ್ಯನ ಕಿವಿ ಅತಿ ಚುರುಕಾಗಿರುವುದೂ, ಮಾತಿನ ಸಕಾರ ಶಕಾರಗಳು ಬೇರೆಯಾಗಿ ತಿಳಿಯುವುದೂ ಈ ಸುಮಾರಿನಲ್ಲೇ. ಮುಚ್ಚಿದ ಹೆಡ್‌ಫೋನಿನಲ್ಲಿ ಕೆಲವೊಮ್ಮೆ ದನಿ ಕೊಡದೊಳಗಿಂದ ಬಂದಂತೆ ಅನ್ನಿಸುವುದಕ್ಕೆ ಇಂಥ ಉಬ್ಬುತಗ್ಗುಗಳೇ ಕಾರಣ.

ಒಂದೇ ಸಂಸ್ಥೆ ಎರಡೂ ಬಗೆಯನ್ನು ತಯಾರಿಸಿದಾಗ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. 2013ರಲ್ಲಿ ಆಡೀಜ್ ಸಂಸ್ಥೆ ಎಲ್‌ಸಿಡಿ-ಎಕ್ಸ್ ಮತ್ತು ಎಲ್‌ಸಿಡಿ-ಎಕ್ಸ್‌ಸಿ ಎಂಬ ಜೋಡಿಯನ್ನು ತಂದಿತು. ಮೊದಲನೆಯದರ ಬೆನ್ನಿಗೆ ಜಾಲರಿ, ಎರಡನೆಯದಕ್ಕೆ ಮರದ ಬಟ್ಟಲು. ಒಂದೇ ಮನೆತನದ ಪೊರೆಗಳಾದರೂ ಎರಡರ ಸ್ವಭಾವ ಒಂದೇ ಆಗಲಿಲ್ಲ. ಬಟ್ಟಲಿನ ಒಳಗೆ ಉಣ್ಣೆ, ಸ್ಪಂಜು ತುಂಬಿಸಿ ಹಿಂದಿನ ದನಿಯನ್ನು ಹೀರಿಸುವುದು, ಗೋಡೆಯನ್ನು ಓರೆಕೋರೆ ಮಾಡಿ ಚದುರಿಸುವುದು ಹಳೆಯ ಉಪಾಯಗಳು. 2021ರಲ್ಲಿ ಡ್ಯಾನ್ ಕ್ಲಾರ್ಕ್ ಆಡಿಯೊ ಸಂಸ್ಥೆ ಸ್ಟೆಲ್ತ್ ಎಂಬ ಮುಚ್ಚಿದ ಪ್ಲೇನಾರ್‌ನಲ್ಲಿ ಪೊರೆಗೂ ಕಿವಿಗೂ ನಡುವೆ ಜೇನುಹುಟ್ಟಿನಂಥ ಸೂಕ್ಷ್ಮ ರಚನೆಯನ್ನಿಟ್ಟು, ಅಲ್ಲಿ ನಿಲ್ಲುವ ಅಲೆಗಳನ್ನು ತಗ್ಗಿಸಿತು. ಮುಚ್ಚಿದ್ದು ಕೆಟ್ಟದ್ದು ಎಂಬ ಮಾತು ಹೀಗೆ ಹಳತಾಗುತ್ತಿದೆ. ಆದರೆ ತೆರೆದ ಬೆನ್ನು ಪುಕ್ಕಟೆಯಾಗಿ ಕೊಡುವ ಗುಣವನ್ನು ಮುಚ್ಚಿದ ಬೆನ್ನು ಶ್ರಮದಿಂದ ಸಂಪಾದಿಸಬೇಕು. ಆ ಶ್ರಮದ ಬೆಲೆಯನ್ನು ಕೊಳ್ಳುವವನು ತೆರುತ್ತಾನೆ.

ಹಾಗಾದರೆ ಎಲ್ಲರೂ ತೆರೆದದ್ದನ್ನೇ ಕೊಳ್ಳಬಹುದಲ್ಲ ಎನ್ನಬಹುದು. ಇಲ್ಲಿ ಕೇಳುಗನ ಜೊತೆಗೆ ಪಕ್ಕದವರೂ ಲೆಕ್ಕಕ್ಕೆ ಬರುತ್ತಾರೆ. ತೆರೆದ ಬೆನ್ನಿನಿಂದ ಹೊರಬಿದ್ದ ದನಿ ಅದೇ ಕೋಣೆಯಲ್ಲಿ ಓದುತ್ತಿರುವ ಮಗಳಿಗೂ, ಮಲಗಿರುವ ಅಜ್ಜಿಗೂ ಕೇಳಿಸುತ್ತದೆ. ಧ್ವನಿಮುದ್ರಣದ ಸ್ಟುಡಿಯೋದಲ್ಲಿ ಗಾಯಕರಿಗೆ ಮುಚ್ಚಿದ ಹೆಡ್‌ಫೋನು ಕೊಡುವುದೂ ಇದೇ ಕಾರಣಕ್ಕೆ. ಇಲ್ಲವಾದರೆ ಹಿನ್ನೆಲೆಯ ತಾಳ ಮೈಕಿಗೆ ನುಸುಳುತ್ತದೆ.

ದನಿ ಹೊರಗೆ ಹೋಗುವ ದಾರಿಯಲ್ಲೇ ಗದ್ದಲ ಒಳಗೂ ಬರುತ್ತದೆ. ಬಸ್ಸಿನಲ್ಲಿ, ರಸ್ತೆಯ ಬದಿಯ ಮನೆಯಲ್ಲಿ ತೆರೆದ ಹೆಡ್‌ಫೋನು ಹಾಕಿದವನು ಗದ್ದಲವನ್ನು ಮೀರಲು ದನಿ ಏರಿಸುತ್ತಾನೆ. ಅಪಾಯ ಇರುವುದು ಇಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2019ರಲ್ಲಿ ಪ್ರಕಟಿಸಿದ ಮಾನದಂಡದಂತೆ, ವಯಸ್ಕರು ವಾರಕ್ಕೆ 80 ಡೆಸಿಬೆಲ್ ಮಟ್ಟದಲ್ಲಿ 40 ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧವಾಗುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ಗುಂಡಿಯನ್ನು ಸ್ವಲ್ಪವೇ ತಿರುಗಿಸಿದೆ ಎಂದುಕೊಂಡವನು ವಾರದ ಪಾಲನ್ನು ಒಂದೇ ದಿನದಲ್ಲಿ ಮುಗಿಸಿರುತ್ತಾನೆ. ಒಳಗಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ತಾರ ಸ್ವರಗಳು. ಬೆಲೆಬಾಳುವ ಹೆಡ್‌ಫೋನು ಕೇಳಿಸಲೆಂದು ಇರುವ ಸೂಕ್ಷ್ಮಗಳೇ ಅವು. ಮುಚ್ಚಿದ ಬಟ್ಟಲು ಹೊರಗಿನ ಕೀರಲು ಸದ್ದನ್ನು ಚೆನ್ನಾಗಿ ತಡೆಯುತ್ತದೆ, ಇಂಜಿನ್ನಿನ ಗುಡುಗನ್ನು ಅಷ್ಟಾಗಿ ತಡೆಯಲಾರದು. ಆದರೂ ಗದ್ದಲದ ನಡುವೆ ಮೆಲ್ಲಗೆ ಕೇಳಲು ಅದೇ ನೆರವು.

ಆದ್ದರಿಂದ ಯಾವುದು ಮೇಲು ಎಂದು ಕೇಳುವ ಬದಲು, ಎಲ್ಲಿ ಕೂತು, ಯಾರ ಪಕ್ಕದಲ್ಲಿ ಕೇಳುವುದು ಎಂದು ಕೇಳಿಕೊಳ್ಳುವುದು ಜಾಣತನ. ನಿಶ್ಶಬ್ದವಾದ ಒಂಟಿ ಕೋಣೆ ಇದ್ದವರಿಗೆ ತೆರೆದ ಪ್ಲೇನಾರ್ ಕೊಡುವ ಸುಖ ದೊಡ್ಡದು. ತುಂಬಿದ ಮನೆಯಲ್ಲಿ, ಪ್ರಯಾಣದಲ್ಲಿ ಮುಚ್ಚಿದ್ದೇ ಸರಿ. ಅಲ್ಲಿ ಸ್ವಲ್ಪ ನಾದ ಬಿಟ್ಟುಕೊಟ್ಟರೂ ಕಿವಿ ಉಳಿಯುತ್ತದೆ, ಪಕ್ಕದವರ ನಿದ್ದೆಯೂ ಉಳಿಯುತ್ತದೆ.

ಅಂಗಡಿಯಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ತೆರೆದ ಹೆಡ್‌ಫೋನಿನಲ್ಲಿ ಪರಿಚಿತವಾದ ಒಂದು ಹಾಡು ಕೇಳುತ್ತ, ಅದರ ಬೆನ್ನಿನ ಜಾಲರಿಗೆ ಅಂಗೈಯನ್ನು ಮೆಲ್ಲನೆ ಅಡ್ಡ ಹಿಡಿಯಬೇಕು. ಹಾಡು ಕೂಡಲೇ ಬಣ್ಣ ಬದಲಿಸುತ್ತದೆ. ಅಂಗೈ ತೆಗೆದರೆ ಮತ್ತೆ ತೆರೆದುಕೊಳ್ಳುತ್ತದೆ. ಘಟಂ ವಿದ್ವಾಂಸರು ಮಡಕೆಯ ಬಾಯನ್ನು ಹೊಟ್ಟೆಗೆ ಒತ್ತಿ, ದೂರ ಸರಿಸಿ ಗುಂಕಾರವನ್ನು ಬದಲಾಯಿಸುವುದೂ ಬಹುಮಟ್ಟಿಗೆ ಹೀಗೆಯೇ.