ಗೀಗೀ ಮೇಳ ನಡೆದುಬಂದ ದಾರಿ

ಸ್ವೀಡನ್ ದೇಶದ ಗೋಥೆನ್‌ಬರ್ಗ್ ಪಟ್ಟಣದಲ್ಲಿ ಒಬ್ಬ ಅಣ್ಣ, ಇಬ್ಬರು ತಂಗಿಯರು, ಅವರ ಒಬ್ಬ ಗೆಳೆಯ ಸೇರಿ ‘ಏಸ್ ಆಫ್ ಬೇಸ್’ ಅಂತ ಒಂದು ಮೇಳ ಕಟ್ಟಿದರು. ತಮ್ಮ ಹಾಡಿನ ಕ್ಯಾಸೆಟ್ಟೊಂದನ್ನು ಡೆನ್ನಿಸ್ ಪಾಪ್ ಎಂಬ ಸಂಗೀತ ನಿರ್ಮಾಪಕನಿಗೆ ಕಳಿಸಿದರು. ಅದು ಅವನ ಕಾರಿನ ಟೇಪಿನೊಳಗೆ ಸಿಕ್ಕಿಕೊಂಡಿತು. ದಿನಾ ಅದನ್ನೇ ಕೇಳಿ ಕೇಳಿ ಹಾಡು ಅವನ ತಲೆಗೆ ಹತ್ತಿತು. 1992ರಲ್ಲಿ ಅದನ್ನು ತಿದ್ದಿ ಹೊರತಂದ. 1994ರಲ್ಲಿ ಅವರ ‘ದ ಸೈನ್’ ಹಾಡು ಅಮೆರಿಕದ ಪಟ್ಟಿಯಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು.

ಇಂಥ ಹಾಡುಗಳ ಗುಟ್ಟು ಎರಡೇ: ಮರಳಿ ಮರಳಿ ಬರುವ ಪಲ್ಲವಿ, ಕೇಳಿದವರ ಕಾಲು ತಾನಾಗಿ ತಾಳ ಹಾಕುವ ಲಯ. ಬೆಳಗಾವಿ ಜಿಲ್ಲೆಯ ನಮ್ಮ ಯರಗಟ್ಟಿ ಸೀಮೆಗೆ ಇದೇನು ಹೊಸದಲ್ಲ. ನಮಗೆ ಗೀಗೀ ಮೇಳವಿದೆ.

ಮುಂದೆ ನಿಂತವನ ಕೈಯಲ್ಲಿ ದಪ್ಪು ಎಂಬ ಚರ್ಮವಾದ್ಯ. ಹಿಂದೆ ಇಬ್ಬರು, ಒಬ್ಬನಿಗೆ ತಾಳ, ಇನ್ನೊಬ್ಬನಿಗೆ ತುಂತುಣಿ. ಈ ತುಂತುಣಿಯನ್ನು ಹತ್ತಿರದಿಂದ ನೋಡಬೇಕು. ಒಂದು ಟೊಳ್ಳು ಡಬ್ಬಿ, ತಳಕ್ಕೆ ಬಿಗಿದ ಚರ್ಮ, ಚರ್ಮದ ನಡುವಿನಿಂದ ಎಳೆದು ಮೇಲಿನ ಕೋಲಿಗೆ ಕಟ್ಟಿದ ಒಂದೇ ಒಂದು ತಂತಿ. ಅಷ್ಟೇ ವಾದ್ಯ. ಮುಂದಿನವ ನುಡಿ ಮುಗಿಸುತ್ತಲೇ ಹಿಂದಿನವರು ‘ಗೀಯ ಗೀಯ’ ಎಂದು ದನಿ ಎತ್ತಿ ಹಿಡಿಯುತ್ತಾರೆ. ಹಾಡುಗಾರ ಉಸಿರು ತೆಗೆದುಕೊಳ್ಳುವುದು ಆಗಲೇ. ಮೇಳದ ಬಲವೆಲ್ಲ ಹಿಮ್ಮೇಳದಲ್ಲಿದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈ ಮೇಳದ ಬೇರು ಲಾವಣಿಯಲ್ಲಿದೆ. ಪತ್ರಿಕೆ ಇಲ್ಲದ ಕಾಲಕ್ಕೆ ಲಾವಣಿಯೇ ಸುದ್ದಿ. ಜೆ. ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ, ಶಾಸನಗಳನ್ನು ಓದಿದ ದೊಡ್ಡ ವಿದ್ವಾಂಸ, ಈ ಭಾಗದ ಐದು ಕನ್ನಡ ಲಾವಣಿಗಳನ್ನು 1885ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚು ಮಾಡಿಸಿದ. ಅವುಗಳಲ್ಲಿ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣ ಇದ್ದಾನೆ. 1857ರಲ್ಲಿ ಆಯುಧ ಒಪ್ಪಿಸುವುದಿಲ್ಲವೆಂದು ಎದ್ದ ಹಲಗಲಿಯ ಬೇಡರಿದ್ದಾರೆ. ಬೈಲಹೊಂಗಲದ ಸಂಗ್ಯಾನ ಕೊಲೆಯ ಕಥೆ ಇದೆ. ಸರ್ಕಾರ ಆದಾಯ ತೆರಿಗೆ ಹೇರಿದ್ದೂ ಒಂದು ಲಾವಣಿ! ಜನರ ಬಾಯಲ್ಲಿ ಇದ್ದದ್ದನ್ನು ಒಬ್ಬ ಪರದೇಶಿ ಬರೆದಿಟ್ಟಿದ್ದರಿಂದ ಇಂದು ನಮ್ಮ ಕೈಗೆ ಸಿಗುತ್ತಿದೆ.

ಮುಂದೆ ಸ್ವಾತಂತ್ರ್ಯದ ಹೋರಾಟ ಬಂತು. ರಾಮದುರ್ಗ ತಾಲೂಕಿನ ಹುಲಕುಂದದ ಭೀಮಕವಿ ಗಾಂಧೀಜಿಯನ್ನು, ಸ್ವದೇಶಿಯನ್ನು ಗೀಗೀ ಪದಕ್ಕೆ ತಂದರು. ಭಾಷಣ ಮುಟ್ಟದ ಹಟ್ಟಿಗೆ ದಪ್ಪಿನ ದನಿ ಮುಟ್ಟಿತು.

ಜಾತ್ರೆಯ ರಾತ್ರಿಗಳಲ್ಲಿ ಮಾತ್ರ ಬೇರೆಯದೇ ಸೊಗಸು. ಹರದೇಶಿ, ನಾಗೇಶಿ ಎಂಬ ಎರಡು ಪಕ್ಷ. ಹರದೇಶಿಯವರು ಶಿವ ದೊಡ್ಡವ, ಗಂಡು ಹೆಚ್ಚು ಎನ್ನುತ್ತಾರೆ. ನಾಗೇಶಿಯವರು ಶಕ್ತಿ ದೊಡ್ಡವಳು, ಹೆಣ್ಣು ಹೆಚ್ಚು ಎನ್ನುತ್ತಾರೆ. ಒಬ್ಬರು ಪುರಾಣದಿಂದ ಸವಾಲು ಎಸೆದರೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಉತ್ತರ ಹೊಳೆಯದಿದ್ದರೆ ಕೂತ ಜನ ಸುಮ್ಮನೆ ಬಿಡುವುದಿಲ್ಲ. ಮೊದಲು ಗಂಡಸರೇ ಎರಡೂ ಪಕ್ಷ ಹಿಡಿಯುತ್ತಿದ್ದರು. ಆಮೇಲೆ ಹೆಣ್ಣುಮಕ್ಕಳು ತಾವೇ ದಪ್ಪು ಹಿಡಿದು ನಾಗೇಶಿ ಹಾಡತೊಡಗಿದರು. ಹೆಣ್ಣು ಹೆಚ್ಚು ಎಂಬ ಮಾತು ಹೆಣ್ಣಿನ ಬಾಯಿಂದಲೇ ಬಂದಾಗ ಆ ಹಾಡಿಗೆ ಬಂದ ತೂಕವೇ ಬೇರೆ. ಇಷ್ಟು ವರ್ಷಗಳಲ್ಲಿ ಮೇಳ ಕಂಡ ಅತಿ ದೊಡ್ಡ ಬದಲಾವಣೆ ಇದೇ ಎಂದು ನಾನು ತಿಳಿದಿದ್ದೇನೆ.

ಕ್ಯಾಸೆಟ್ ಬಂದಾಗ ಪದಗಳು ಚಹಾದಂಗಡಿಗೂ ಟ್ರ್ಯಾಕ್ಟರಿಗೂ ಏರಿದವು. ಈಗ ಮೊಬೈಲಿನಲ್ಲಿವೆ. ಆದರೆ ಇಡೀ ರಾತ್ರಿಯ ಸವಾಲು-ಜವಾಬು ನಾಲ್ಕು ನಿಮಿಷಕ್ಕೆ ಇಳಿದಾಗ ಮೊದಲು ಬಿದ್ದುಹೋಗುವುದು ಕೊನೆಯ ನುಡಿ. ಕವಿ ತನ್ನ ಊರು, ತನ್ನ ಹೆಸರು, ತನ್ನ ಗುರುವನ್ನು ಇಡುವುದು ಆ ನುಡಿಯಲ್ಲೇ.

ನಿಮ್ಮ ಊರಿನಲ್ಲಿ ಗೀಗೀ ಹಾಡುವ ಹಿರಿಯರು ಇದ್ದರೆ ಈ ವಾರವೇ ಹೋಗಿ ಅವರ ಮುಂದೆ ಕೂಡಿರಿ. ಮೊಬೈಲಿನಲ್ಲಿ ಪದ ತುಂಬಿಕೊಳ್ಳಿರಿ. ಕೊನೆಯ ನುಡಿ ಮುಗಿಯುವತನಕ ಅದನ್ನು ನಿಲ್ಲಿಸಬೇಡಿರಿ.