ವ್ರತವೊಂದೇ, ಉಪದೇಶವೆರಡೇಕೆ?



ಪಂಚಕಲ್ಯಾಣದ ಈ ಶುಭಸಂದರ್ಭದಲ್ಲಿ ವ್ಯಾಪಾರಿಯಾದ ನಾನು ಒಂದು ವಿಷಯವನ್ನು ವಿನಯಪೂರ್ವಕವಾಗಿ ನಿವೇದಿಸಲಿಚ್ಛಿಸುತ್ತೇನೆ. ಧರ್ಮಸಭೆಗಳಲ್ಲಿ ಪುರುಷರಿಗೆ ಹೆಚ್ಚಾಗಿ ದಾನವನ್ನೂ ವ್ಯವಹಾರಶುದ್ಧಿಯನ್ನೂ ಬೋಧಿಸುವರು. ಸ್ತ್ರೀಯರಿಗೆ ಉಪವಾಸ, ಆಹಾರಶುದ್ಧಿ, ಸಹನೆಗಳನ್ನು. ಆದರೆ ಚತುರ್ವಿಧ ಸಂಘದಲ್ಲಿ ಶ್ರಾವಕರಿಗೂ ಶ್ರಾವಿಕೆಯರಿಗೂ ವಿಧಿಸಿದ ಅಣುವ್ರತಗಳು ಅವೇ 5.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಚೌರ್ಯವ್ರತದ ಅತಿಚಾರಗಳನ್ನು ಹೇಳುವಾಗ, ಕಳವಿನ ಮಾಲನ್ನು ಕೊಳ್ಳುವುದು, ಕಲಬೆರಕೆ, ತೂಕ-ಅಳತೆಗಳ ಮೋಸ ಇವುಗಳನ್ನೂ ಎಣಿಸಿದ್ದಾರೆ. ಇದು ಅಂಗಡಿಯ ಮಾತೆಂದು ಗೃಹಿಣಿಗೆ ಬೋಧಿಸದಿದ್ದರೆ, ಮನೆಗೆ ಬಂದ ಹಣ ಯಾವ ದಾರಿಯಿಂದ ಬಂತೆಂದು ಕೇಳುವವರಾರು? ಪರಿಗ್ರಹಕ್ಕೆ ಗಂಡನೊಬ್ಬನೇ ಮಿತಿ ಹಾಕಿಕೊಂಡರೆ ಅದು ಸಂಸಾರದಲ್ಲಿ ನಿಲ್ಲದು. ಹಾಗೆಯೇ, ಸಹನೆಯನ್ನು ಹೆಂಡತಿಗೆ ಮಾತ್ರ ಉಪದೇಶಿಸಿದರೆ ಗಂಡನ ಕೋಪಕ್ಕೆ ಮದ್ದೆಲ್ಲಿ? ಕ್ರೋಧಾದಿ ಕಷಾಯಗಳು ಸ್ತ್ರೀ ಪುರುಷರೆಂದು ನೋಡಿ ಬರುವುದಿಲ್ಲ.

ಆದಿನಾಥರು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕವನ್ನೂ ಕಲಿಸಿದರೆಂದು ಪುರಾಣ ಸಾರುತ್ತದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ಲೆಕ್ಕವಾಗಲಿ ದಾನವಾಗಲಿ ನಮ್ಮ ಸ್ತ್ರೀಯರಿಗೆ ಹೊಸದಲ್ಲ.

ಆದುದರಿಂದ ಗುರುಗಳಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ದಂಪತಿಗಳನ್ನು ಒಟ್ಟಿಗೆ ಕುಳ್ಳಿರಿಸಿ ಉಪದೇಶಿಸಬೇಕು. ತಕ್ಕಡಿಯ ಮಾತನ್ನು ಶ್ರಾವಿಕೆಯರೂ ಕೇಳಲಿ, ಕ್ಷಮೆಯ ಮಾತನ್ನು ಶ್ರಾವಕರೂ ಕೇಳಲಿ. ಮಡದಿ ಲೆಕ್ಕ ಕೇಳಿದಾಗ ಅದನ್ನು ಅವಿನಯವೆಂದು ಭಾವಿಸದೆ, ವ್ರತಕ್ಕೆ ದೊರೆತ ಸಹಾಯವೆಂದು ನಾವು ವ್ಯಾಪಾರಿಗಳು ತಿಳಿಯೋಣ.

ಜಿನಧರ್ಮಕ್ಕೆ ಜಯವಾಗಲಿ.